ಫೋಟೋ ತಿದ್ದುವ ಕಂಪ್ಯೂಟರ್ ಕೊಳ್ಳಲು ಹೋಗಿ...

"ಗೇಮಿಂಗಾ ಸಾರ್, ಎಡಿಟಿಂಗಾ?"

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಮೊದಲು ಬರುವ ಪ್ರಶ್ನೆ ಇದೇ. ಎಡಿಟಿಂಗ್ ಅಂದೆ. "ವಿಡಿಯೋನಾ, ಫೋಟೋನಾ?" ಫೋಟೋ ಅಂದೆ. ಹುಡುಗನ ಮುಖ ಸ್ವಲ್ಪ ಬಾಡಿತು. ಆದರೂ ಬಿಡದೆ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡು, ಹದಿನಾರು ಕೋರಿನ ಪ್ರೊಸೆಸರು, ಒಳಗೆಲ್ಲ ಬಣ್ಣಬಣ್ಣದ ದೀಪ ಉರಿಯುವ ಗಾಜಿನ ಪೆಟ್ಟಿಗೆ ಎಲ್ಲ ಸೇರಿಸಿ ಒಂದು ಕೊಟೇಷನ್ ಬರೆದುಕೊಟ್ಟ. ರ‍್ಯಾಮ್ ಮಾತ್ರ 16 ಜಿಬಿ. ಜಾಸ್ತಿ ಹಾಕಪ್ಪಾ ಅಂದರೆ "ಈಗ ರ‍್ಯಾಮು ಚಿನ್ನ ಆಗಿದೆ ಸಾರ್, ಆಮೇಲೆ ಹಾಕಿಸ್ಕೊಳಿ" ಅಂದ. ಚೀಟಿಯ ಕೊನೆಯ ಸಾಲಿನಲ್ಲಿ ಮಾನಿಟರ್. ಯಾವ ಮಾನಿಟರ್? "ಯಾವುದಾದ್ರೂ ಒಳ್ಳೇದು ಹಾಕಿ ಕೊಡ್ತೀನಿ ಸಾರ್."

ರ‍್ಯಾಮ್ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ ಬೆಲೆ ಏರಿದ್ದು ನಿಮಗೂ ಗೊತ್ತಿರುತ್ತದೆ. ಆದರೆ ಆ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಮೆಟ್ರೋ ಹತ್ತುವಾಗ ನನಗನ್ನಿಸಿದ್ದು ಇಷ್ಟು: ಫೋಟೋ ತಿದ್ದುವವನ ಮಟ್ಟಿಗೆ ಈ ಚೀಟಿ ತಲೆಕೆಳಗಾಗಿದೆ. ಕೆಳಗಿರುವುದು ಮೇಲೆ ಬರಬೇಕು, ಮೇಲಿರುವುದು ಕೆಳಗೆ. ಸುಮ್ಮನೆ ಅನ್ನಿಸಿದ್ದು ಅಲ್ಲ. ಫೋಟೋ ತಿದ್ದಲು ಕಂಪ್ಯೂಟರ್ ಬಳಸಿದವರ ಕಥೆಯನ್ನು ಮೊದಲಿನಿಂದ ಕೆದಕುತ್ತಾ ಹೋದಷ್ಟೂ ಅದೇ ಗಟ್ಟಿಯಾಯಿತು. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬಂದು ಕೂತುಕೊಳ್ಳಿ :-)

ಅದಕ್ಕೆ ಮೊದಲು ನನಗೇಕೆ ಈ ಉಸಾಬರಿ ಅಂತ ಹೇಳಿಬಿಡಬೇಕು. ಅಪ್ಪ ಸಾಗರದಲ್ಲಿ ಮೂವತ್ತು ವರ್ಷ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು, ಆದರೆ ನೆಗೆಟಿವ್‌ಗಳನ್ನು ಮಾತ್ರ ಎಸೆಯಲಿಲ್ಲ. ಬಿಸ್ಕತ್ತಿನ ಡಬ್ಬಗಳಲ್ಲಿ, ಬೆಣ್ಣೆಕಾಗದದ ಲಕೋಟೆಗಳಲ್ಲಿ, ಸುಮಾರು 2800 ಇವೆ. ಹೆಚ್ಚಿನವು 120 ಫಿಲಂನವು, ಆರು ಸೆಂಟಿಮೀಟರ್ ಚೌಕದವು. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತಲ್ಲ, ಥಂಡಿಗೆ ಚಪ್ಪಲಿಗೂ ಬೂಷ್ಟು ಬರುತ್ತದೆ. ನೆಗೆಟಿವ್‌ಗೆ ಬರದೆ ಇರುತ್ತದೆಯೇ? ಪ್ರತಿ ವರ್ಷ ಒಂದಿಷ್ಟು ಮುಖಗಳು ಹೂಕೋಸಿನಂಥ ಬಿಳಿ ಕಲೆಯಲ್ಲಿ ಮುಚ್ಚಿಹೋಗುತ್ತಿವೆ. ಲಕೋಟೆಯ ಮೇಲೆ ನಂಬರು ಮಾತ್ರ ಇದೆ. ಹೆಸರು, ಊರು, ಯಾರ ಮಗಳು, ಯಾವ ಮದುವೆ, ಎಲ್ಲಾ ಇರುವುದು ಅಪ್ಪನ ತಲೆಯಲ್ಲಿ. ಅಪ್ಪನಿಗೆ ಈಗ ಎಂಬತ್ತೊಂದು.

ನನ್ನ ಹಳೇ ಡೆಸ್ಕ್‌ಟಾಪ್ 2014ರದ್ದು, 8 ಜಿಬಿ ರ‍್ಯಾಮ್. ಒಂದು ನೆಗೆಟಿವ್ ಸ್ಕ್ಯಾನ್ ತೆರೆದು ಬೂಷ್ಟಿನ ಒಂದು ಕಲೆ ತೆಗೆಯುವಷ್ಟರಲ್ಲಿ ಹಾರ್ಡ್ ಡಿಸ್ಕಿನ ದೀಪ ಹತ್ತಿದ್ದು ಆರುವುದೇ ಇಲ್ಲ. ಅಪ್ಪ ಪಕ್ಕದಲ್ಲಿ ಕೂತು "ಇವಳು ಹೆಗ್ಗೋಡಿನವಳು ಅಲ್ಲವೇನೋ..." ಅಂತ ಶುರು ಮಾಡಿ, ಪರದೆ ಮೇಲೆ ಮುಖ ಬರುವಷ್ಟರಲ್ಲಿ ತೂಕಡಿಸುತ್ತಾರೆ. ಒಂದು ಸಂಜೆಗೆ ಆರು ನೆಗೆಟಿವ್. ಲೆಕ್ಕ ನೀವೇ ಹಾಕಿಕೊಳ್ಳಿ.

ಸರಿ, ಈಗ ಕಥೆ.

ಫೋಟೋ ತಿದ್ದುವುದು ಕಂಪ್ಯೂಟರ್ ಬಂದ ಮೇಲೆ ಶುರುವಾದ ಚಾಳಿ ಅಂತ ಬಹಳ ಜನ ತಿಳಿದಿದ್ದಾರೆ. ಅಪ್ಪನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಒಂದು ಮರದ ಸಾಧನ ಇತ್ತು, ರೀಟಚಿಂಗ್ ಡೆಸ್ಕ್ ಅಂತ. ಮಧ್ಯೆ ಓರೆಯಾಗಿ ನಿಲ್ಲಿಸಿದ ಹಾಲುಗಾಜು, ಕೆಳಗೊಂದು ಕನ್ನಡಿ, ತಲೆಯ ಮೇಲೆ ಬೆಳಕು ಬೀಳದ ಹಾಗೆ ಒಂದು ಮುಚ್ಚಿಗೆ. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಗಾಜಿನ ಹಿಂದಿನಿಂದ ನೆಗೆಟಿವ್ ಮೂಲಕ ಬರುತ್ತಿತ್ತು. ನೆಗೆಟಿವ್ ಮೇಲೆ ವಾರ್ನಿಷ್‌ನಂಥದೊಂದು ದ್ರವ ತೆಳ್ಳಗೆ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಲ್ಲಿ ಚುಕ್ಕೆ ಚುಕ್ಕೆ ಇಡುವುದು. ಮುಖದ ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಇವೆಲ್ಲ ನೆಗೆಟಿವ್‌ನಲ್ಲಿ ತೆಳ್ಳಗೆ ಪಾರದರ್ಶಕವಾಗಿ ಇರುತ್ತವೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಅಡಿಕೆಯಷ್ಟು ಮುಖ, ಅದರಲ್ಲಿ ಈ ಕೆಲಸ! ತಪ್ಪಿದರೆ ಒರೆಸಿ ಮತ್ತೆ ಮೊದಲಿನಿಂದ. ಈ ಡೆಸ್ಕ್ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕಂಪ್ಯೂಟರಿನೊಳಗೆ ಫೋಟೋ ಮೊದಲು ಹೊಕ್ಕಿದ್ದು 1957ರಲ್ಲಿ, ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ. ರಸೆಲ್ ಕಿರ್ಷ್ ಎಂಬ ಎಂಜಿನಿಯರ್ ತನ್ನ ಮೂರು ತಿಂಗಳ ಮಗ ವಾಲ್ಡನ್‌ನ ಫೋಟೋವನ್ನು ಸೀಯಾಕ್ ಎಂಬ ಯಂತ್ರಕ್ಕೆ ಉಣಿಸಿದ. 176 ಚುಕ್ಕೆ ಅಗಲ, 176 ಚುಕ್ಕೆ ಎತ್ತರ. ಯಾಕೆ 176? ಆ ಯಂತ್ರದ ಮೆಮೊರಿಯಲ್ಲಿ ಅದಕ್ಕಿಂತ ದೊಡ್ಡದು ಹಿಡಿಸುತ್ತಿರಲಿಲ್ಲ, ಅಷ್ಟೇ! ಪ್ರತಿ ಚುಕ್ಕೆಯೂ ಕಪ್ಪು ಇಲ್ಲವೇ ಬಿಳಿ. ನಡುವಿನ ಬೂದು ಛಾಯೆಗಳು ಬರಲಿ ಅಂತ ಬೇರೆ ಬೇರೆ ಮಟ್ಟದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಕೂಡಿಸಿದರು. ಅಂದರೆ ಜಗತ್ತಿನ ಮೊಟ್ಟಮೊದಲ ಡಿಜಿಟಲ್ ಫೋಟೋದ ಅಳತೆಯನ್ನು ತೀರ್ಮಾನಿಸಿದ್ದು ಯಂತ್ರದ ವೇಗ ಅಲ್ಲ, ಅದರ ಜಾಗ. ನನಗಂತೂ ಇದನ್ನು ಓದಿದಾಗ ಎಸ್.ಪಿ. ರಸ್ತೆಯ ಚೀಟಿ ನೆನಪಾಯಿತು.

ಹದಿನಾರು ವರ್ಷ ಬಿಟ್ಟು, 1973ರ ಏಪ್ರಿಲಿನಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರಿಚರ್ಡ್ ಶೂಪ್ ತನ್ನ ಸೂಪರ್‌ಪೇಂಟ್ ಯಂತ್ರದಲ್ಲಿ ಮೊದಲ ಚಿತ್ರ ಹಿಡಿದ. 640 ಚುಕ್ಕೆ ಅಗಲ, 480 ಎತ್ತರ, 256 ಬಣ್ಣ. ಇದರಲ್ಲಿ ಹೊಸದು ಏನೆಂದರೆ, ಪರದೆಯಲ್ಲಿ ಕಾಣುವ ಇಡೀ ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಹಿಡಿದಿಟ್ಟುಕೊಳ್ಳಲೆಂದೇ ಪ್ರತ್ಯೇಕ ಮೆಮೊರಿ, ಸುಮಾರು 300 ಕೆಬಿ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರದಷ್ಟು! ಆ ಕಾಲದಲ್ಲಿ ಅಷ್ಟು ಮೆಮೊರಿಯನ್ನು ಬರೀ ಚಿತ್ರ ತೋರಿಸಲು ಬಳಸುವುದು ಐಷಾರಾಮ. ಇವತ್ತಿನ ಗ್ರಾಫಿಕ್ಸ್ ಕಾರ್ಡಿನ ಅಜ್ಜ ಅಂತ ಅದನ್ನು ಕರೆಯಬಹುದು.

ಮುದ್ರಣದವರು ಇನ್ನೊಂದು ದಾರಿಯಲ್ಲಿ ಬಂದರು. ದೊಡ್ಡ ಪತ್ರಿಕೆಗಳು ಸೈಟೆಕ್ಸ್‌ನಂಥ ಕಂಪನಿಗಳ ಭಾರಿ ಯಂತ್ರಗಳನ್ನು ಇಟ್ಟುಕೊಂಡವು. ಒಬ್ಬ ಫೋಟೋಗ್ರಾಫರ್ ಜೀವಮಾನದಲ್ಲಿ ಕೊಳ್ಳುವಂಥದ್ದಲ್ಲ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಅಡ್ಡ ಫೋಟೋವನ್ನು ಉದ್ದ ಮುಖಪುಟಕ್ಕೆ ಹೊಂದಿಸಲು ಇಂಥ ಯಂತ್ರದಲ್ಲಿ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿಬಿಟ್ಟಿತು. ದೊಡ್ಡ ಗಲಾಟೆಯಾಯಿತು. ಫೋಟೋ ಸುಳ್ಳು ಹೇಳಬಹುದೇ ಎಂಬ ಚರ್ಚೆ ಅಲ್ಲಿಂದ ಜೋರಾಯಿತು. ಅಪ್ಪನಿಗೆ ಈ ಕಥೆ ಹೇಳಿದಾಗ ನಕ್ಕುಬಿಟ್ಟರು. "ಕಲ್ಲು ಸರಿಸಿದ್ದಕ್ಕೆ ಇಷ್ಟು ರಂಪವಾ? ನಾವು ಸಾಗರದಲ್ಲಿ ಮನುಷ್ಯರನ್ನೇ ಸರಿಸಿದ್ವಲ್ಲ!" ನಿಜ. ತೀರಿಕೊಂಡ ಗಂಡನ ಹಳೇ ಫೋಟೋದಿಂದ ಮುಖ ತೆಗೆದು ಹೆಂಡತಿಯ ಪಕ್ಕದಲ್ಲಿ ಕೂರಿಸಿಕೊಡುವುದು ಆಗಿನ ಎಲ್ಲ ಸ್ಟುಡಿಯೋಗಳ ದಿನನಿತ್ಯದ ಕೆಲಸ.

ಇನ್ನು ಬರುವುದು ಮುಖ್ಯ ಭಾಗ. 1987. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ನೋಲ್ ಎಂಬ ಪಿಎಚ್‌ಡಿ ವಿದ್ಯಾರ್ಥಿ. ಅವನ ಅಪ್ಪ ಗ್ಲೆನ್ ನೋಲ್ ಅದೇ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಜೊತೆಗೆ ಫೋಟೋ ಹುಚ್ಚು. ಮನೆಯ ನೆಲಮಾಳಿಗೆಯಲ್ಲಿ ಡಾರ್ಕ್‌ರೂಮ್ ಇತ್ತು. ಕೆಂಪು ದೀಪದಲ್ಲಿ ಅಪ್ಪನ ಪಕ್ಕ ನಿಂತು ಟ್ರೇ ಅಲ್ಲಾಡಿಸಿದ ಹುಡುಗ ಅಂದರೆ ನನಗೆ ಯಾಕೋ ಒಂಥರಾ ಆಪ್ತ ಅನ್ನಿಸುತ್ತದೆ. ನಾನೂ ಅಲ್ಲಾಡಿಸಿದ್ದೇನೆ, ಏನು ಪ್ರಯೋಜನ, ಅವನು ಫೋಟೋಶಾಪ್ ಬರೆದ, ನಾನು ಇದನ್ನು ಬರೆಯುತ್ತಿದ್ದೇನೆ :-)

ಥಾಮಸ್ ಬಳಿ ಇದ್ದದ್ದು ಮ್ಯಾಕಿಂಟೋಷ್ ಪ್ಲಸ್. 1 ಎಂಬಿ ರ‍್ಯಾಮ್. ಪರದೆ 512×342, ಅದೂ ಬರೀ ಕಪ್ಪು ಬಿಳುಪು. ಬೂದು ಬಣ್ಣ ಅಂತ ಒಂದು ಇಲ್ಲವೇ ಇಲ್ಲ. ಅವನ ಸಂಶೋಧನೆಗೆ ಬೂದು ಛಾಯೆಯ ಚಿತ್ರಗಳನ್ನು ನೋಡಬೇಕಾಗಿತ್ತು. ಕಪ್ಪು ಬಿಳಿ ಚುಕ್ಕೆಗಳನ್ನೇ ದಟ್ಟ, ವಿರಳ ಹರಡಿ ಬೂದು ಇದೆ ಎಂಬ ಭ್ರಮೆ ಹುಟ್ಟಿಸುವ ಸಣ್ಣ ಪ್ರೋಗ್ರಾಂ ಬರೆದ. ಹೆಸರು ಡಿಸ್‌ಪ್ಲೇ. ಗಮನಿಸಿ, ಫೋಟೋಶಾಪ್ ಹುಟ್ಟಿದ್ದೇ ಕೆಟ್ಟ ಮಾನಿಟರಿನ ಕಾಟ ತಡೆಯಲಾಗದೆ. ತಮ್ಮ ಜಾನ್ ನೋಲ್ ಸ್ಟಾರ್ ವಾರ್ಸ್ ಖ್ಯಾತಿಯ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನಲ್ಲಿ ಕೆಲಸಕ್ಕಿದ್ದ. ಅಣ್ಣನ ಪ್ರೋಗ್ರಾಂ ನೋಡಿ, ಅರೆ ಇದು ನಾವು ಲಕ್ಷಾಂತರ ಡಾಲರಿನ ಯಂತ್ರದಲ್ಲಿ ಮಾಡುವ ಕೆಲಸದ ಥರವೇ ಇದೆಯಲ್ಲ ಅಂತ ಬೆನ್ನು ಹತ್ತಿದ. ಇದು ಬೇಕು, ಅದು ಬೇಕು, ಬಣ್ಣ ಬೇಕು. ಜಾನ್ ಬಣ್ಣದ ಮ್ಯಾಕಿಂಟೋಷ್ 2 ಕೊಂಡ ಮೇಲೆ ಅಣ್ಣ ಕೂತು ಬಣ್ಣಕ್ಕೆ ತಕ್ಕ ಹಾಗೆ ಪೂರಾ ತಿದ್ದಿ ಬರೆದ. ಅವರು ಎಲ್ಲರಿಗೂ ತೋರಿಸಲು ಬಳಸುತ್ತಿದ್ದದ್ದು ಜಾನ್ 1987ರಲ್ಲಿ ಬೋರಾ ಬೋರಾ ದ್ವೀಪದಲ್ಲಿ ತೆಗೆದ ಒಂದು ಫೋಟೋ. ಸಮುದ್ರತೀರದಲ್ಲಿ ಬೆನ್ನು ತಿರುಗಿಸಿ ಕೂತ ಅವನ ಗೆಳತಿ. ಆ ಒಂದು ಫೋಟೋದಲ್ಲಿ ಅವಳನ್ನು ಎಷ್ಟು ಸಲ ನಕಲು ಮಾಡಿದರೋ, ಅಳಿಸಿದರೋ!

ಮೊದಲು ಬಾರ್ನಿಸ್ಕ್ಯಾನ್ ಎಂಬ ಸ್ಕ್ಯಾನರ್ ಜೊತೆ 1989ರಲ್ಲಿ ಸುಮಾರು 200 ಪ್ರತಿ ಹೋಯಿತು. ನಂತರ ಅಡೋಬಿ ಕಂಪನಿ ಹಿಡಿದುಕೊಂಡಿತು. 1990ರ ಫೆಬ್ರವರಿ 19ರಂದು ಫೋಟೋಶಾಪ್ 1.0, ಮ್ಯಾಕ್‌ಗೆ ಮಾತ್ರ.

ಈಗ ಒಂದು ಸಣ್ಣ ಲೆಕ್ಕ. ಆ ಪ್ರೋಗ್ರಾಂಗೆ ಬೇಕಿದ್ದದ್ದು 2 ಎಂಬಿ ರ‍್ಯಾಮ್. 640×480ರ ಒಂದು ಬಣ್ಣದ ಚಿತ್ರವೇ 900 ಕೆಬಿ. ಮಾಡಿದ್ದನ್ನು ಹಿಂದಕ್ಕೆ ತರಬೇಕು ಅಂದರೆ ಹಳೇ ಪ್ರತಿಯನ್ನೂ ಇಟ್ಟುಕೊಳ್ಳಬೇಕು, ಅಲ್ಲಿಗೆ 1800. ಇನ್ನು ಪ್ರೋಗ್ರಾಂ ಕೂರುವುದೆಲ್ಲಿ? ಸಾಲದ್ದಕ್ಕೆ 1988ರಲ್ಲಿ, ಅಂದರೆ ಅಣ್ಣ ತಮ್ಮ ಇದನ್ನು ಹೊತ್ತು ಕಂಪನಿಯಿಂದ ಕಂಪನಿಗೆ ಅಲೆಯುತ್ತಿದ್ದ ವರ್ಷ, ಜಗತ್ತಿನಲ್ಲಿ ಮೆಮೊರಿ ಚಿಪ್ಪುಗಳ ಬರ ಬಂದಿತ್ತು. ಎರಡು ವರ್ಷ ಹಿಂದೆ ಅಮೆರಿಕ ಮತ್ತು ಜಪಾನ್ ನಡುವೆ ಆದ ಚಿಪ್ ಒಪ್ಪಂದವೂ ಅದಕ್ಕೆ ಒಂದು ಕಾರಣ. ಬೆಲೆ ಏರಿ ಆಪಲ್ ಕಂಪನಿ ತನ್ನ ಕಂಪ್ಯೂಟರುಗಳ ದರವನ್ನೇ ಏರಿಸಿತು. "ರ‍್ಯಾಮು ಚಿನ್ನ ಆಗಿದೆ ಸಾರ್" ಅಂತ ಆಗಲೂ ಯಾವನೋ ಅಂಗಡಿ ಹುಡುಗ ಹೇಳಿಯೇ ಇರುತ್ತಾನೆ!

ಹಾಗಾಗಿ ಥಾಮಸ್ ಒಂದು ಉಪಾಯ ಮಾಡಿದ್ದ. ಇಡೀ ಚಿತ್ರವನ್ನು ಒಟ್ಟಿಗೆ ರ‍್ಯಾಮಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನೆಲದ ಹಾಸುಗಲ್ಲಿನ ಹಾಗೆ ತುಂಡು ತುಂಡು ಮಾಡಿ, ಈಗ ಕೈಯಾಡಿಸುತ್ತಿರುವ ತುಂಡು ಮಾತ್ರ ರ‍್ಯಾಮಿನಲ್ಲಿ, ಉಳಿದದ್ದು ಹಾರ್ಡ್ ಡಿಸ್ಕಿನಲ್ಲಿ. ಬೇಕಾದಾಗ ತರುವುದು, ಬೇಡವಾದಾಗ ಕಳಿಸುವುದು. ಈ ಸ್ಕ್ರ್ಯಾಚ್ ಡಿಸ್ಕ್ ಎಂಬ ವ್ಯವಸ್ಥೆ ಇವತ್ತಿಗೂ ಇದೆ. ನನ್ನ ಹಳೇ ಯಂತ್ರದಲ್ಲಿ ಅಪ್ಪನನ್ನು ತೂಕಡಿಸುವಂತೆ ಮಾಡುತ್ತಿದ್ದದ್ದೂ ಅದೇ. 2013ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಈ ಮೊದಲ ಫೋಟೋಶಾಪಿನ ಮೂಲ ಬರಹವನ್ನು ಎಲ್ಲರಿಗೂ ಓದಲು ಬಿಟ್ಟಿತು. ಸುಮಾರು 1 ಲಕ್ಷ 28 ಸಾವಿರ ಸಾಲು, ಹೆಚ್ಚಿನದು ಪಾಸ್ಕಲ್ ಭಾಷೆಯಲ್ಲಿ. ನಾನು ಇಳಿಸಿಕೊಂಡು ನೋಡಿದೆ, ಅರ್ಥವಾದದ್ದು ಅಷ್ಟಕ್ಕಷ್ಟೆ.

ವಿಂಡೋಸ್‌ಗೆ ಬಂದದ್ದು 1992ರಲ್ಲಿ. ಪದರ, ಅಂದರೆ ಲೇಯರ್, 1994ರಲ್ಲಿ. ಮೂಲ ಫೋಟೋ ಮುಟ್ಟದೆ ಮೇಲೊಂದು ಪಾರದರ್ಶಕ ಹಾಳೆ ಹಾಕಿ ಅದರ ಮೇಲೆ ಕೆಲಸ ಮಾಡುವುದು. ಅಲ್ಲಿಯವರೆಗೆ ತಿದ್ದಿದ್ದು ಮೂಲದ ಮೇಲೇ ಬೀಳುತ್ತಿತ್ತು, ಅಪ್ಪನ ಪೆನ್ಸಿಲ್ ಹಾಗೆ. ಹಿಂದಕ್ಕೆ ಹೋಗಲು ಒಂದೇ ಒಂದು ಹೆಜ್ಜೆ ಇದ್ದದ್ದು 1998ರ 5.0ರಲ್ಲಿ ಹಲವು ಹೆಜ್ಜೆಗಳಾಯಿತು. ಇವೆರಡೂ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಆದರೆ ಒಂದೊಂದು ಪದರ, ಒಂದೊಂದು ಹೆಜ್ಜೆ ಅಂದರೂ ಮತ್ತೆ ಮೆಮೊರಿಯೇ ತಾನೇ!

ನಮ್ಮ ಕಡೆ ಇದು ಜನರಿಗೆ ಗೊತ್ತಾದದ್ದು ಡಿಟಿಪಿ ಅಂಗಡಿಗಳಿಂದ, ಆಮೇಲೆ ಮದುವೆ ಆಲ್ಬಮ್ಮುಗಳಿಂದ. ಶಿಕಾರಿಪುರದ ವಧೂವರರು ತಾಜ್‌ಮಹಲಿನ ಮುಂದೆ, ಹಿನ್ನೆಲೆಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಹಿಮ, ಮೂಲೆಯಲ್ಲಿ ಜೋಗದ ಜಲಪಾತ... ನೋಡಿರುತ್ತೀರಿ. ಕೆಳಗೆ ಹೆಸರು ಬರೆಯುವುದು ಇನ್ನೊಂದು ಗೋಳು. ಆಗಿನ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಬರುತ್ತಿತ್ತು. ನುಡಿಯಲ್ಲೋ ಶ್ರೀಲಿಪಿಯಲ್ಲೋ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ತಂದು ಅಂಟಿಸುತ್ತಿದ್ದರು. "ಲಕ್ಷ್ಮಿ" ಸರಿಯಾಗಿ ಬಂದರೆ ಪುಣ್ಯ.

ವೇಗದ ಹುಚ್ಚು ಬಂದದ್ದು ಎಲ್ಲಿಂದ? ಅದು ಜಾಹೀರಾತಿನಿಂದ ಅಂತ ನನ್ನ ಅನುಮಾನ. 1997ರಲ್ಲಿ ಇಂಟೆಲ್ ತನ್ನ ಪೆಂಟಿಯಂಗೆ ಎಂಎಂಎಕ್ಸ್ ಎಂಬ ಹೊಸ ಆಜ್ಞೆಗಳನ್ನು ಸೇರಿಸಿದಾಗ ಫೋಟೋ ಕೆಲಸ ಬೇಗ ಆಗುತ್ತದೆ ಅಂತ ತೋರಿಸಿತು. ಆಪಲ್ 1999ರಲ್ಲಿ ಜಿ4 ತಂದಿತು. ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ಒಂದು ಮ್ಯಾಕ್, ಒಂದು ಪೆಂಟಿಯಂ ಇಟ್ಟು ಎರಡರಲ್ಲೂ ಫೋಟೋಶಾಪ್ ಓಡಿಸಿ ಪಂದ್ಯ ಕಟ್ಟುತ್ತಿದ್ದ. ಥೇಟ್ ನಮ್ಮ ಕಂಬಳ. ಜನ ಕೇಕೆ ಹಾಕುತ್ತಿದ್ದರು. ಕಂಬಳದ ಕೋಣವನ್ನು ಕೊಂಡುಹೋಗಿ ಗದ್ದೆ ಉಳುವವರು ಯಾರು ಅಂತ ಯಾರೂ ಕೇಳಲಿಲ್ಲ. ಆರಿಸಿಟ್ಟ ನಾಲ್ಕಾರು ಫಿಲ್ಟರ್ ಬೇಗ ಮುಗಿಯುವುದು ಬೇರೆ, ದಿನವಿಡೀ ಕೂತು ಒಂದು ಮುಖ ತಿದ್ದುವುದು ಬೇರೆ. ಇವತ್ತೂ ಅಷ್ಟೇ, ಫೋಟೋ ತಿದ್ದುವ ಬಹಳಷ್ಟು ಕೆಲಸಗಳು ಹದಿನಾರು ಕೋರುಗಳನ್ನು ಒಟ್ಟಿಗೆ ದುಡಿಸುವುದೇ ಇಲ್ಲ.

ಜಾಗದ ಕಥೆ ಮಾತ್ರ ನಿಲ್ಲಲಿಲ್ಲ. ಕ್ಯಾಮೆರಾಗಳು ಡಿಜಿಟಲ್ ಆದವು. 1975ರಲ್ಲಿ ಕೊಡ್ಯಾಕ್‌ನ ಸ್ಟೀವ್ ಸ್ಯಾಸನ್ ಮಾಡಿದ ಮೊದಲ ಕ್ಯಾಮೆರಾ 100×100 ಚುಕ್ಕೆ ಹಿಡಿಯುತ್ತಿತ್ತು, ಒಂದು ಫೋಟೋವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್. 2003ರ ಹೊತ್ತಿಗೆ ಸಾಮಾನ್ಯರ ಕೈಗೆ 6 ಮೆಗಾಪಿಕ್ಸೆಲ್ ಬಂತು. ಆಮೇಲೆ 12, 24, 45... ಅಷ್ಟರಲ್ಲಿ ಇನ್ನೊಂದು ಗೋಡೆ ಅಡ್ಡ ಬಂತು. 32 ಬಿಟ್ ಕಂಪ್ಯೂಟರಿಗೆ 4 ಜಿಬಿಗಿಂತ ಆಚೆ ಎಣಿಸಲು ಬರುವುದಿಲ್ಲ. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂಗೆ ಸಾಧಾರಣವಾಗಿ ಸಿಗುತ್ತಿದ್ದದ್ದು 2 ಜಿಬಿ. ನೀವು ಎಷ್ಟೇ ರ‍್ಯಾಮ್ ತುಂಬಿದರೂ ಅಷ್ಟೇ. 2008ರ ಸಿಎಸ್4ರಲ್ಲಿ ಈ ಗೋಡೆ ಒಡೆಯಿತು, ಅದೂ ವಿಂಡೋಸ್‌ನಲ್ಲಿ ಮಾತ್ರ. ಆಪಲ್ ತನ್ನ ಹಳೇ ಕಾರ್ಬನ್ ವ್ಯವಸ್ಥೆಯನ್ನು 64 ಬಿಟ್‌ಗೆ ಒಯ್ಯುವುದಿಲ್ಲ ಅಂತ 2007ರಲ್ಲಿ ಕೈಬಿಟ್ಟಿದ್ದರಿಂದ ಮ್ಯಾಕ್‌ನವರು 2010ರ ಸಿಎಸ್5ರವರೆಗೆ ಕಾಯಬೇಕಾಯಿತು. ಫೋಟೋಶಾಪ್ ಹುಟ್ಟಿದ ಮನೆಯಲ್ಲೇ ಅದಕ್ಕೆ ಜಾಗ ಇಲ್ಲದ ಹಾಗೆ ಆಯಿತು ನೋಡಿ!

ಅಪ್ಪನ ನೆಗೆಟಿವ್‌ಗೂ ಲೆಕ್ಕ ಹಾಕಿದೆ. ಆರು ಸೆಂಟಿಮೀಟರ್ ಅಂದರೂ ಚಿತ್ರ ಇರುವುದು 56 ಮಿಲಿಮೀಟರ್ ಚೌಕ. ಇಂಚಿಗೆ 4000 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 7 ಕೋಟಿ 78 ಲಕ್ಷ ಚುಕ್ಕೆ. ಕಪ್ಪು ಬಿಳುಪಿನದು, 16 ಬಿಟ್, 155 ಎಂಬಿ. ಬಣ್ಣದ್ದಾದರೆ ಮೂರು ಪಟ್ಟು, ಹತ್ತಿರ ಹತ್ತಿರ 467 ಎಂಬಿ. ಅದರ ಮೇಲೆ ಪದರಗಳು, ಹಿಂದಿನ ಹೆಜ್ಜೆಗಳು. 16 ಜಿಬಿ ಎಲ್ಲಿ ಸಾಕಾಗುತ್ತದೆ ಹೇಳಿ?

ಇನ್ನು ಮಾನಿಟರ್. ಇದು ನನಗೆ ಬಹಳ ಇಷ್ಟವಾದ ಭಾಗ. ಹಳೇ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಸೋನಿಯವರು 1968ರಲ್ಲಿ ತಂದ ಟ್ರಿನಿಟ್ರಾನ್ ಕೊಳವೆಯದ್ದೇ ಮೇಲುಗೈ. ಅದರ ಗುರುತು ಏನು ಗೊತ್ತೇ? ಬಿಳಿ ಪರದೆಯಲ್ಲಿ ದಿಟ್ಟಿಸಿದರೆ ಅಡ್ಡಕ್ಕೆ ಕೂದಲೆಳೆಯಂಥ ನೆರಳು ಕಾಣುತ್ತಿತ್ತು, ಒಳಗಿನ ಜಾಲರಿ ಅದುರದ ಹಾಗೆ ಕಟ್ಟಿದ ತಂತಿಯದು. ಮಾನಿಟರ್ ಕೆಟ್ಟಿದೆ ಅಂತ ವಾಪಸ್ ತಂದುಕೊಟ್ಟವರೂ ಇದ್ದರಂತೆ. ಬಣ್ಣಕ್ಕೆ ಒಂದು ಸಾಮಾನ್ಯ ಅಳತೆಗೋಲು ಬೇಕು ಅಂತ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಎಸ್‌ಆರ್‌ಜಿಬಿ ತಂದವು, ಆಗಿನ ಇಂಥ ಮಾಮೂಲಿ ಮಾನಿಟರುಗಳನ್ನೇ ಆಧಾರವಾಗಿಟ್ಟುಕೊಂಡು. ಇವತ್ತಿನ ಫೋನಿನ ಫೋಟೋದಲ್ಲೂ ಆ ಸತ್ತ ಗಾಜಿನ ಕೊಳವೆಯ ನೆನಪು ಉಳಿದುಕೊಂಡಿದೆ. ಅದಕ್ಕಿಂತ ಅಗಲವಾದ ಅಡೋಬಿ ಆರ್‌ಜಿಬಿ ಹುಟ್ಟಿದ್ದು ಇನ್ನೂ ತಮಾಷೆ. ಫೋಟೋಶಾಪ್ 5.0ರವರು ಒಂದು ಟಿವಿ ಮಾನದಂಡದ ದಾಖಲೆಯಿಂದ ಅಂಕಿಗಳನ್ನು ಇಳಿಸಿಕೊಳ್ಳುವಾಗ ತಪ್ಪು ಅಂಕಿ ತೆಗೆದುಕೊಂಡರು. ತಪ್ಪು ಗೊತ್ತಾಗುವಷ್ಟರಲ್ಲಿ ಜನಕ್ಕೆ ಅದೇ ಹಿಡಿಸಿಬಿಟ್ಟಿತ್ತು. ಸರಿಪಡಿಸುವುದು ಬಿಟ್ಟು ಹೆಸರು ಬದಲಿಸಿ ಅಡೋಬಿ ಆರ್‌ಜಿಬಿ (1998) ಅಂತ ಕರೆದರು!

ಆಮೇಲೆ ಚಪ್ಪಟೆ ಎಲ್‌ಸಿಡಿ ಬಂದಾಗ ಮೊದಮೊದಲು ಫೋಟೋದವರಿಗೆ ನಷ್ಟವೇ ಆಯಿತು. ಅಗ್ಗದ ಟಿಎನ್ ಪರದೆಗಳಲ್ಲಿ ತಲೆ ಸ್ವಲ್ಪ ಮೇಲೆತ್ತಿದರೆ ಒಂದು ಬಣ್ಣ, ತಗ್ಗಿಸಿದರೆ ಇನ್ನೊಂದು. ಹಿಟಾಚಿಯವರು 1996ರಲ್ಲಿ ತಂದ ಐಪಿಎಸ್ ಪರದೆ ಈ ತೊಂದರೆ ಕಡಿಮೆ ಮಾಡಿತ್ತು, ಆದರೆ ಅದು ಸಾಮಾನ್ಯರ ಕೈಗೆಟುಕಲು ಎಷ್ಟೋ ವರ್ಷ ಹಿಡಿಯಿತು. ಇನ್ನೊಂದು ವಿಷಯ, "ಪ್ರಿಂಟ್ ಕಪ್ಪಗೆ ಬಂತು" ಅಂತ ಲ್ಯಾಬಿನವರ ಜೊತೆ ಜಗಳ ಆಡುವವರು ಹೆಚ್ಚಿನ ಸಲ ತಮ್ಮ ಮಾನಿಟರಿನ ಬೆಳಕು ಇಳಿಸಿ ನೋಡುವುದು ಒಳ್ಳೆಯದು. ಅಂಗಡಿಯಿಂದ ಬಂದಾಗ ಅದು ಬೇಕಾದ್ದರ ಎರಡು ಮೂರು ಪಟ್ಟು ಉರಿಯುತ್ತಿರುತ್ತದೆ. ನಾನೂ ಎರಡು ವರ್ಷ ಜಗಳ ಆಡಿದ್ದೆ, ಆಮೇಲೆ ಹೋಗಿ ಕ್ಷಮೆ ಕೇಳಿದೆ.

ಗ್ರಾಫಿಕ್ಸ್ ಕಾರ್ಡನ್ನು ಪೂರಾ ಬೈಯುವಂತಿಲ್ಲ. 2008ರಿಂದ ಫೋಟೋಶಾಪ್ ಅದನ್ನು ಬಳಸುತ್ತಿದೆ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್‌ನಂಥ ಕೆಲಸಗಳಿಗೆ ಒಳ್ಳೇ ಕಾರ್ಡ್ ಇದ್ದರೆ ಸೆಕೆಂಡು, ಇಲ್ಲದಿದ್ದರೆ ನಿಮಿಷಗಟ್ಟಲೆ. ಆದರೆ ಅದು ಕ್ಯಾಮೆರಾದ ರಾ ಫೈಲಿಗೆ. ಅಪ್ಪನ ನೆಗೆಟಿವ್‌ನ ಬೂಷ್ಟು ತೆಗೆಯಲು ಬೇಕಿರುವುದು ಮುಖ್ಯವಾಗಿ ತಾಳ್ಮೆ. ಮ್ಯಾಕ್ ಕೊಳ್ಳೋಣವಾ ಅಂತಲೂ ಯೋಚಿಸಿದೆ. 2020ರ ಎಂ1 ಬಂದ ಮೇಲೆ ಅವರದ್ದು ಸೊಗಸಾದ ಯಂತ್ರವೇ. ಆದರೆ ಮಿನಿಯಂಥ ಚಿಕ್ಕ ಮ್ಯಾಕ್‌ಗಳಲ್ಲಿ ಮೆಮೊರಿ ಚಿಪ್ಪಿನ ಜೊತೆಗೇ ಬೆಸೆದಿರುತ್ತದೆ, ಕೊಳ್ಳುವ ದಿನ ಎಷ್ಟು ತೆಗೆದುಕೊಂಡಿರೋ ಕೊನೇವರೆಗೂ ಅಷ್ಟೇ. ಬೆಲೆ ಇಳಿದ ಮೇಲೆ ಇನ್ನೊಂದಿಷ್ಟು ಹಾಕೋಣ ಅನ್ನುವ ನನ್ನಂಥವನಿಗೆ ಅದು ಒಗ್ಗಲಿಲ್ಲ.

ತಂತ್ರಾಂಶದ ಮಾತೂ ಇದೆ. 2013ರಿಂದ ಫೋಟೋಶಾಪ್ ಬಾಡಿಗೆ ಮನೆ. ತಿಂಗಳು ತಿಂಗಳು ಕಟ್ಟಬೇಕು. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1996ರಲ್ಲಿ ಜನರ ಕೈಗಿಟ್ಟ ಗಿಂಪ್ ಉಚಿತ, ಆದರೆ ಬಹಳ ಕಾಲ ಅದರಲ್ಲಿ 8 ಬಿಟ್ ಮಾತ್ರ ಇತ್ತು. 2018ರ 2.10ರಲ್ಲಿ 16 ಮತ್ತು 32 ಬಿಟ್ ಬಂತು, 2025ರಲ್ಲಿ 3.0 ಬಂತು. ನನಗೆ ಅದು ಸಾಕು.

ಮತ್ತೆ ಎಸ್.ಪಿ. ರಸ್ತೆಗೆ ಹೋದೆ. ಅದೇ ಅಂಗಡಿ, ಅದೇ ಹುಡುಗ. ಚೀಟಿಯನ್ನು ಕೆಳಗಿನಿಂದ ಓದಿದೆ. ಮೊದಲು ಮಾನಿಟರ್: 27 ಇಂಚು, ಐಪಿಎಸ್, ಅಡೋಬಿ ಆರ್‌ಜಿಬಿ ಹೆಚ್ಚೂಕಡಿಮೆ ಪೂರ್ತಿ ತೋರಿಸುವಂಥದ್ದು, ಜೊತೆಗೆ ಬಣ್ಣ ಅಳೆಯುವ ಸಣ್ಣ ಉಪಕರಣ. ಆಮೇಲೆ ರ‍್ಯಾಮ್: 32 ಜಿಬಿ, ಎರಡು ಕಡ್ಡಿಗಳಲ್ಲಿ, ನಾಲ್ಕು ಗೂಡಿರುವ ಬೋರ್ಡಿನಲ್ಲಿ ಎರಡು ಖಾಲಿ. ಡಿಡಿಆರ್5ರಲ್ಲಿ ನಾಲ್ಕೂ ಗೂಡು ತುಂಬಿದರೆ ವೇಗ ತುಸು ಇಳಿಯುತ್ತದೆ ಅಂದ ಹುಡುಗ. ಇಳಿಯಲಿ ಬಿಡಪ್ಪಾ ಅಂದೆ. ಕೆಲಸಕ್ಕೆ 1 ಟಿಬಿಯ ಎನ್‌ವಿಎಂಇ, ಇಟ್ಟುಕೊಳ್ಳಲು ಎರಡು ಹಾರ್ಡ್ ಡಿಸ್ಕ್. ಒಂದು ಬೆಂಗಳೂರಿನಲ್ಲಿ, ಒಂದು ಸಾಗರದಲ್ಲಿ ಇರಲಿ ಅಂತ. ಉಳಿದ ದುಡ್ಡಿನಲ್ಲಿ ಎಂಟು ಕೋರಿನ ಪ್ರೊಸೆಸರ್, ಸಾಧಾರಣ ಗ್ರಾಫಿಕ್ಸ್ ಕಾರ್ಡ್. ದೀಪ ಬೇಡ ಅಂದೆ. "ದೀಪ ಫ್ರೀ ಸಾರ್" ಅಂದ. ಬೇಡ ಮಾರಾಯಾ, ಪರದೆಯ ಮೇಲೆ ಪ್ರತಿಫಲನ ಬೀಳುತ್ತೆ ಅಂದೆ. ವಿಚಿತ್ರ ಗಿರಾಕಿ ಅಂದುಕೊಂಡಿರಬೇಕು.

ಊರಿಗೆ ಒಯ್ದು ಜೋಡಿಸಿ, ಬಣ್ಣ ಅಳೆದು ಹೊಂದಿಸಿ, ಅಪ್ಪನನ್ನು ಕರೆದೆ. ಅವರ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಮೊದಲು ಬಲಗಣ್ಣು ಮುಚ್ಚಿ ನೋಡಿದರು, ಆಮೇಲೆ ಎಡಗಣ್ಣು. "ಈ ಕಣ್ಣಲ್ಲಿ ಬೆಳದಿಂಗಳು, ಆ ಕಣ್ಣಲ್ಲಿ ಚಾ. ನಿನ್ನ ಯಂತ್ರ ಯಾವ ಕಣ್ಣಿಗೆ ಹೊಂದಿಸ್ದೆ?" ಉತ್ತರ ನನ್ನಲ್ಲಿರಲಿಲ್ಲ. ವಯಸ್ಸಾದ ಮಸೂರ ಹಳದಿಯಾಗಿ ನೀಲಿಯನ್ನು ತಡೆಯುತ್ತದೆ, ಹೊಸ ಮಸೂರ ಬಿಡುತ್ತದೆ. ಹಾಗಾದರೆ ಕೊನೆಯ ವರ್ಷಗಳಲ್ಲಿ ಅವರು ಕೈಯಾರೆ ಬಣ್ಣ ಹಚ್ಚಿದ ಫೋಟೋಗಳೆಲ್ಲ ಯಾವ ಕಣ್ಣಿನವು ಅಂತ ಈಗ ಅನ್ನಿಸುತ್ತಿದೆ.

ಮೊದಲು ತೆರೆದದ್ದು 1971ರ ಒಂದು ಲಕೋಟೆ. ಹುಡುಗಿಯೊಬ್ಬಳ ಎದೆಮಟ್ಟದ ಫೋಟೋ. ಕ್ಷಣದಲ್ಲಿ ತೆರೆಯಿತು, ಅಪ್ಪನಿಗೆ ತೂಕಡಿಸಲು ಸಮಯವೇ ಸಿಗಲಿಲ್ಲ. ನೂರಕ್ಕೆ ನೂರು ದೊಡ್ಡದು ಮಾಡಿದೆ. ಕೆನ್ನೆಯ ತುಂಬ ಏನೋ ಬೆಳ್ಳನೆಯ ಚುಕ್ಕೆಗಳು, ಅಲ್ಪವಿರಾಮದಂಥ ಸಣ್ಣ ಸಣ್ಣ ಗೀರು. ಬೂಷ್ಟು ಅಂದುಕೊಂಡು ಅಳಿಸುವ ಬ್ರಷ್ ಹಿಡಿದೆ.

"ತಡಿ ತಡಿ. ಅದು ನನ್ನ ಪೆನ್ಸಿಲ್ಲು."

ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಪ್ರಿಂಟಿನಲ್ಲಿ ಎಂದೂ ಕಾಣದಿದ್ದ ಅವರದೇ ಕೈಕೆಲಸ, ಐವತ್ತು ವರ್ಷಕ್ಕೂ ಹಿಂದಿನದು, ಬೆರಳುದ್ದ ಬೆರಳುದ್ದವಾಗಿ ಎದುರಿಗಿತ್ತು. "ಸಿಡುಬಿನ ಕಲೆ ಇತ್ತು ಇವಳಿಗೆ. ಗಂಡಿನ ಕಡೆಗೆ ಕಳಿಸೋ ಫೋಟೋ. ಅವಳ ಅಪ್ಪ ಬಂದು ಸ್ವಲ್ಪ ನೋಡಿ ಮಾಡಿ ಅಂದ. ಎರಡು ದಿನ ಕೂತು ಮಾಡಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮದುವೆ ಆಯ್ತು. ಆಮೇಲೆ ಗಂಡನನ್ನು ಕರ್ಕೊಂಡು ಬಂದು ಇನ್ನೊಂದು ಫೋಟೋ ತೆಗೆಸಿದ್ಲು. ಅದಕ್ಕೆ ಪೆನ್ಸಿಲ್ ಬೇಡ ಅಂದ್ಲು."

ಇದನ್ನು ತೆಗೆಯಲೋ ಬಿಡಲೋ ಅಂತ ಕೇಳಿದೆ.

"ನೆಗೆಟಿವ್ ಒರೆಸಬೇಡ. ಇದರಲ್ಲಿ ತೆಗೆದು ನೋಡು, ಒಳಗೆ ಹೆಂಗಿದ್ಲು ಅಂತ. ಎರಡೂ ಇರ್ಲಿ."

ಹಾಗಾಗಿ ಪೆನ್ಸಿಲ್ ಇರುವುದು ಒಂದು ಪದರ, ಇಲ್ಲದ್ದು ಇನ್ನೊಂದು ಪದರ. ಫೈಲು 311 ಎಂಬಿ ಆಯಿತು. ಅವತ್ತು ರಾತ್ರಿ ಊಟದ ಹೊತ್ತಿಗೆ ಹತ್ತೊಂಬತ್ತು ನೆಗೆಟಿವ್ ಮುಗಿದಿತ್ತು, ಹದಿನೇಳಕ್ಕೆ ಹೆಸರು ಬರೆದುಕೊಂಡೆ. ಎರಡಕ್ಕೆ ಮಾತ್ರ ಅಪ್ಪ "ನಾಳೆ ಹೇಳ್ತೀನಿ" ಅಂದಿದ್ದಾರೆ.